ರೋಮನ್ ದೇವತೆಗಳು ಗ್ರೀಕರ ನಕಲೇ? ಶಾಲಾ ಪ್ರದರ್ಶನದ ತಯಾರಿಯಲ್ಲಿರುವ ಶಿಕ್ಷಕಿಯೊಬ್ಬರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಎಂಟನೇ ತರಗತಿಯ ಮಕ್ಕಳು ಶಾಲಾ ಪ್ರದರ್ಶನಕ್ಕೆ ‘ಪ್ರಾಚೀನ ರೋಮಿನ ದೇವತೆಗಳು’ ಅನ್ನುವ ವಿಷಯ ಆರಿಸಿಕೊಂಡಿದ್ದಾರೆ. ಹನ್ನೆರಡು ಸಾಲಿನ ಪಟ್ಟಿ ಮಾಡಿದ್ದೇವೆ. ಮೊದಲು ಗ್ರೀಕ್ ಹೆಸರು, ಪಕ್ಕದಲ್ಲಿ ರೋಮನ್ ಹೆಸರು, ಆಮೇಲೆ ‘ಯಾವುದರ ದೇವರು’. ಜೀಯಸ್, ಜೂಪಿಟರ್, ಆಕಾಶ, ಆರೆಸ್, ಮಾರ್ಸ್, ಯುದ್ಧ, ಹೀಗೆ. ಅದನ್ನು ನೋಡಿ ಒಬ್ಬ ಹುಡುಗಿ ‘ಹಾಗಾದ್ರೆ ಗ್ರೀಕರು ಸಿಗೋಕೆ ಮುಂಚೆ ರೋಮಿನವರಿಗೆ ದೇವರೇ ಇರಲಿಲ್ವಾ ಮಿಸ್?’ ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಸಹೋದ್ಯೋಗಿಯೊಬ್ಬರು ‘ಎಲ್ಲಾ ಕಾಪಿ ಮೇಡಂ, ಹೆಸರು ಮಾತ್ರ ಬೇರೆ’ ಅಂದರು. ಇನ್ನೊಬ್ಬರು ವಾಟ್ಸಾಪ್ ಮೆಸೇಜ್ ತೋರಿಸಿ, ‘ಜೇನಸ್ ಅಂದ್ರೆ ನಮ್ಮ ಗಣೇಶ, ಜೂಪಿಟರ್ ಅಂದ್ರೆ ನಮ್ಮ ಗುರು, ಇದನ್ನೂ ಹಾಕಿ’ ಅನ್ನುತ್ತಿದ್ದಾರೆ. ಪಟ್ಟಿಯನ್ನು ಹಾಗೇ ಇಡಲಾ? ಬೇರೆ ಥರ ಮಾಡಬೇಕಾ? ಈ ಪೂಜೆಗಳೆಲ್ಲ ಯಾವಾಗ ನಿಂತವು ಅಂತಲೂ ಮಕ್ಕಳು ಕೇಳುತ್ತಿದ್ದಾರೆ. ತಪ್ಪು ಹೇಳಿಕೊಡಬಾರದು ಅನ್ನುವುದೇ ನನ್ನ ಚಿಂತೆ.

ಉತ್ತರ: ಮೇಡಂ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಪ್ರಾಚೀನ ಇತಿಹಾಸ ಪಾಠ ಮಾಡುವ ನಮ್ಮಂಥವರು ಈ ಪ್ರಶ್ನೆಯನ್ನು ಕಾಲೇಜಿನ ಮಕ್ಕಳಿಂದಲೂ ಅಪರೂಪಕ್ಕೆ ಕೇಳುತ್ತೇವೆ. ಹೆಚ್ಚಿನವರು ಪಟ್ಟಿಯನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ.

ಅವಳಿಗೆ ನೇರ ಉತ್ತರ ಹೀಗಿದೆ. ರೋಮಿನವರಿಗೆ ದೇವರುಗಳು ಇದ್ದರು, ಬೇಕಾದಷ್ಟು ಜನ ಇದ್ದರು. ಆದರೆ ಅವರಲ್ಲಿ ತುಂಬ ಜನಕ್ಕೆ ಕಥೆ ಇರಲಿಲ್ಲ, ಕೆಲಸ ಇತ್ತು. ಗ್ರೀಕ್ ದೇವರು ನಮಗೆ ಕಥೆಯಿಂದ ಪರಿಚಯ ಆಗುತ್ತಾನೆ: ಯಾರ ಮಗ, ಯಾರನ್ನು ಮದುವೆಯಾದ, ಯಾರ ಜೊತೆ ಜಗಳ ಆಡಿದ. ರೋಮನ್ ದೇವರನ್ನು ತಿಳಿಯಬೇಕಾದರೆ ಬೇರೆ ಪ್ರಶ್ನೆ ಕೇಳಬೇಕು. ಯಾವ ತಾರೀಕಿಗೆ ಪೂಜೆ? ಎಲ್ಲಿ? ಯಾರು ಮಾಡುತ್ತಿದ್ದರು? ಏನು ಬೇಡುತ್ತಿದ್ದರು? ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಪಟ್ಟಿ ಸುಳ್ಳು ಅಂತ ಹೇಳುತ್ತಿಲ್ಲ. ಅದು ರೋಮನ್ನರಿಗೆ ಗ್ರೀಕರ ಪ್ರಶ್ನೆಪತ್ರಿಕೆ ಕೊಡುತ್ತದೆ, ಅಷ್ಟೇ ತೊಂದರೆ.

ಈ ಹನ್ನೆರಡರ ಲೆಕ್ಕ ಎಲ್ಲಿಂದ ಬಂತು ನೋಡೋಣ. ಇದು ಯಾರೋ ಪಠ್ಯಪುಸ್ತಕ ಬರೆಯುವವರು ಹುಟ್ಟಿಸಿದ್ದಲ್ಲ. ಕ್ರಿ.ಪೂ. 217ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಟ್ರಾಸಿಮೀನ್ ಸರೋವರದ ದಂಡೆಯಲ್ಲಿ ರೋಮಿನ ಸೈನ್ಯವನ್ನು ಧೂಳೀಪಟ ಮಾಡಿದ. ಊರಿಗೆ ಊರೇ ಹೆದರಿತು. ದೇವರಿಗೆ ನಾವು ಏನೋ ಕಡಿಮೆ ಮಾಡಿದ್ದೇವೆ ಅಂತ ಸೆನೆಟ್ ಯೋಚಿಸಿತು, ಸಿಬಿಲ್ಲಾ ಅನ್ನುವ ಭವಿಷ್ಯ ನುಡಿಯುವವಳ ಗ್ರಂಥಗಳನ್ನು ತೆಗೆಸಿ ನೋಡಿಸಿತು. ಆಗ ಆರು ಮಂಚಗಳನ್ನು ಹಾಸಿ, ಮಂಚಕ್ಕೆ ಇಬ್ಬರಂತೆ ಹನ್ನೆರಡು ದೇವತೆಗಳನ್ನು ಕೂರಿಸಿ, ಮೂರು ದಿನ ಔತಣ ಬಡಿಸಿದರು. ಜೂಪಿಟರ್ ಜೊತೆ ಜುನೋ, ನೆಪ್ಚೂನ್ ಜೊತೆ ಮಿನರ್ವಾ, ಮಾರ್ಸ್ ಜೊತೆ ವೀನಸ್, ಅಪೋಲೋ ಜೊತೆ ಡಯಾನಾ, ವಲ್ಕನ್ ಜೊತೆ ವೆಸ್ಟಾ, ಮರ್ಕ್ಯುರಿ ಜೊತೆ ಸೆರೀಸ್. ನಿಮ್ಮ ಪಟ್ಟಿಯ ಹೆಸರುಗಳು ಇವೇ ಇರಬೇಕು, ಅಲ್ವಾ? ಹನ್ನೆರಡು ಅನ್ನುವ ಲೆಕ್ಕ, ಜೋಡಿ ಮಾಡಿದ ರೀತಿ, ಔತಣದ ಪದ್ಧತಿ, ಎಲ್ಲದರಲ್ಲೂ ಗ್ರೀಕ್ ಛಾಯೆ ಇದೆ.

ಈಗ ಈ ಪಂಕ್ತಿಯಲ್ಲಿ ಯಾರಿಲ್ಲ ನೋಡಿ. ಬಾಗಿಲಿನ ದೇವರು ಜೇನಸ್ ಇಲ್ಲ. ಸ್ಯಾಟರ್ನ್ ಇಲ್ಲ. ಕ್ವಿರಿನಸ್ ಇಲ್ಲ. ಗಡಿಕಲ್ಲಿನ ದೇವರು ಟರ್ಮಿನಸ್ ಇಲ್ಲ. ಮನೆಮನೆಯಲ್ಲಿ ಪೂಜೆಯಾಗುತ್ತಿದ್ದ ಲಾರೆಸ್, ಪೆನಾಟೀಸ್ ಇಲ್ಲ. ರೋಮಿನ ರಾಜ್ಯಪೂಜೆಯಲ್ಲಿ ಒಬ್ಬೊಬ್ಬ ದೇವರಿಗೆ ಮೀಸಲಾದ ಫ್ಲಾಮೆನ್ ಅನ್ನುವ ಪೂಜಾರಿಗಳು ಹದಿನೈದು ಮಂದಿ ಇದ್ದರು. ಅವರಲ್ಲಿ ಹಿರಿಯ ಮೂವರು ಜೂಪಿಟರ್, ಮಾರ್ಸ್ ಮತ್ತು ಕ್ವಿರಿನಸ್‌ಗೆ ಸೇರಿದವರು. ಅಂದರೆ ರೋಮಿನವರು ತೀರಾ ಹಳೆಯ ಕಾಲದಿಂದ ಮೇಲಿನ ಸಾಲಿನಲ್ಲಿ ಇಟ್ಟುಕೊಂಡ ಮೂವರಲ್ಲಿ ಒಬ್ಬ ನಿಮ್ಮ ಪಟ್ಟಿಯಲ್ಲೇ ಇಲ್ಲ. ಕಾರಣ ಸುಲಭ: ಅವನ ಎದುರಿಗೆ ಬರೆಯಲು ಸರಿಹೊಂದುವ ಗ್ರೀಕ್ ಹೆಸರಿಲ್ಲ.

‘ಎಲ್ಲಾ ಕಾಪಿ’ ಅನ್ನುವ ಮಾತು ನಿಲ್ಲದಿರುವುದು ಇಲ್ಲೇ. ಆದರೆ ಅದಕ್ಕೆ ಹೆದರಿ ಇನ್ನೊಂದು ಗುಂಡಿಗೆ ಬೀಳಬೇಡಿ. ‘ಮೊದಲು ಶುದ್ಧ ರೋಮನ್ ಧರ್ಮ ಇತ್ತು, ಗ್ರೀಕರು ಬಂದು ಕೆಡಿಸಿದರು’ ಅಂತ ಕೆಲವರು ಬರೆಯುತ್ತಾರೆ. ಇದೂ ನಿಲ್ಲುವುದಿಲ್ಲ. ರೋಮಿನ ಫೋರಂನಲ್ಲಿ, ಅಂದರೆ ಊರ ನಡುವಿನ ಮುಖ್ಯ ಚೌಕದಲ್ಲಿ, ಬೆಂಕಿದೇವರು ವಲ್ಕನ್‌ನ ಹಳೆಯ ಪೂಜಾಸ್ಥಳ ಅಂತ ಗುರುತಿಸಿದ ಜಾಗ ಒಂದಿದೆ. ಅಲ್ಲಿ ಅಗೆದಾಗ ಕ್ರಿ.ಪೂ. 6ನೇ ಶತಮಾನದ ಗ್ರೀಕ್ ಪಾತ್ರೆಯ ಚೂರು ಸಿಕ್ಕಿತು. ಅದರ ಮೇಲೆ ಕಪ್ಪು ಬಣ್ಣದಲ್ಲಿ ಬರೆದಿರುವುದು ಗ್ರೀಕರ ಬೆಂಕಿದೇವರು ಹೆಫೈಸ್ಟಸ್‌ನ ಚಿತ್ರ. ಒಂದು ಮಡಕೆ ಚೂರಿನ ಮೇಲೆ ಜಾಸ್ತಿ ಭಾರ ಹಾಕಬಾರದು, ನಿಜ. ಆದರೂ ರೋಮ್ ಇನ್ನೂ ರಾಜರ ಕೈಯಲ್ಲಿದ್ದ ಕಾಲದಲ್ಲೇ ಯಾರೋ ಒಬ್ಬರು ವಲ್ಕನ್‌ನ ಸ್ಥಳಕ್ಕೆ ಹೆಫೈಸ್ಟಸ್‌ನ ಪಾತ್ರೆ ಸಲ್ಲುತ್ತದೆ ಅಂತ ತಂದಿಟ್ಟ ಹಾಗೆ ಕಾಣುತ್ತದೆ. ಕ್ಯಾಸ್ಟರ್ ಹೆಸರಿನ ಗ್ರೀಕ್ ವೀರನಿಗೆ ಕ್ರಿ.ಪೂ. 484ರಲ್ಲೇ ಫೋರಂನಲ್ಲಿ ದೇವಸ್ಥಾನ ಆಗಿತ್ತು. ದಕ್ಷಿಣ ಇಟಲಿಯ ತುಂಬ ಗ್ರೀಕ್ ಪಟ್ಟಣಗಳಿದ್ದವು. ಉತ್ತರಕ್ಕೆ ಎಟ್ರುಸ್ಕನ್ನರು ಅನ್ನುವ ಬೇರೆ ಜನರಿದ್ದರು. ಅವರ ಮೆನ್ರ್ವಾ ದೇವತೆಗೂ ರೋಮಿನ ಮಿನರ್ವಾಗೂ ಹತ್ತಿರದ ನಂಟು. ಇವರೆಲ್ಲರ ನಡುವೆ ವ್ಯಾಪಾರ, ಮದುವೆ, ಯುದ್ಧ ನಡೆಯುತ್ತಲೇ ಇತ್ತು. ಯಾರೂ ಮುಟ್ಟದ ಶುದ್ಧ ರೋಮ್ ನಮಗೆ ಎಲ್ಲೂ ಸಿಗುವುದಿಲ್ಲ.

ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ನಮ್ಮ ಊರಿನ ಮಾರಮ್ಮನನ್ನು ನೆನಪಿಸಿ. ಅವಳು ಪಾರ್ವತಿಯೇ ಅಂತ ಎಲ್ಲರೂ ಹೇಳುತ್ತಾರೆ, ಮನಸಾರೆ ನಂಬುತ್ತಾರೆ. ಆದರೂ ಅವಳ ಗುಡಿ ಬೇರೆ, ಪೂಜಾರಿಯ ಮನೆತನ ಬೇರೆ, ಜಾತ್ರೆಯ ದಿನ ಬೇರೆ, ಹರಕೆ ಬೇರೆ. ಪಾರ್ವತಿ ಅಂದ ಮಾತ್ರಕ್ಕೆ ಮಾರಮ್ಮ ಕರಗಿಹೋಗಲಿಲ್ಲ. ಜೂಪಿಟರನ್ನು ಜೀಯಸ್ ಅಂದಾಗ ರೋಮಿನಲ್ಲೂ ಸುಮಾರಾಗಿ ಇದೇ ಆಯಿತು.

ಮಾರ್ಸ್‌ನನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನನ್ನ ಪ್ರಕಾರ ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಅನ್ಯಾಯ ಆಗಿರುವುದು ಅವನಿಗೆ. ಗ್ರೀಕರ ಆರೆಸ್ ಯಾರಿಗೂ ಬೇಡವಾದವನು. ಹೋಮರನ ಇಲಿಯಡ್‌ನಲ್ಲಿ ಸ್ವಂತ ತಂದೆ ಜೀಯಸನೇ ಅವನಿಗೆ, ದೇವತೆಗಳಲ್ಲೆಲ್ಲ ನಿನ್ನನ್ನು ಕಂಡರೇ ನನಗೆ ಆಗದು ಅನ್ನುತ್ತಾನೆ. ರೋಮಿನ ಮಾರ್ಸ್ ಹಾಗಲ್ಲ. ಅವನು ರೋಮ್ ಹುಟ್ಟಿದ ಕಥೆಯ ಅವಳಿಗಳಾದ ರೋಮ್ಯುಲಸ್ ಮತ್ತು ರೀಮಸ್‌ರ ಅಪ್ಪ, ಅಂದರೆ ಇಡೀ ಜನಾಂಗದ ಅಪ್ಪ. ಹಳೆಯ ರೋಮಿನ ವರ್ಷ ಶುರುವಾಗುತ್ತಿದ್ದದ್ದು ಅವನ ತಿಂಗಳಾದ ಮಾರ್ಚ್‌ನಿಂದ.

ಇನ್ನೂ ದೊಡ್ಡ ಆಶ್ಚರ್ಯ ಹೊಲದಲ್ಲಿದೆ. ಕ್ರಿ.ಪೂ. 2ನೇ ಶತಮಾನದಲ್ಲಿ ಕೇಟೋ ಅನ್ನುವ ಹಿರಿಯ ರಾಜಕಾರಣಿ ಬೇಸಾಯದ ಬಗ್ಗೆ ಒಂದು ಕೈಪಿಡಿ ಬರೆದ. ಅದರಲ್ಲಿ ಜಮೀನನ್ನು ಶುದ್ಧ ಮಾಡುವ ಪೂಜೆಯ ವಿವರ ಇದೆ. ಹಂದಿಮರಿ, ಕುರಿಮರಿ, ಕರು ಮೂರನ್ನೂ ಹೊಲದ ಸುತ್ತ ನಡೆಸಬೇಕು. ಮೊದಲು ಜೇನಸ್‌ಗೆ ಮತ್ತು ಜೂಪಿಟರ್‌ಗೆ ದ್ರಾಕ್ಷಾರಸ ಅರ್ಪಿಸಬೇಕು. ಆಮೇಲೆ ‘ಅಪ್ಪಾ ಮಾರ್ಸ್’ ಅಂತ ಕರೆದು ಬೇಡಬೇಕು. ಕಣ್ಣಿಗೆ ಕಾಣುವ ರೋಗ, ಕಾಣದ ರೋಗ, ಬರಡು, ನಾಶ, ಅಕಾಲದ ಹವೆ, ಇವೆಲ್ಲವನ್ನೂ ದೂರ ತಳ್ಳು. ಪೈರು, ಕಾಳು, ದ್ರಾಕ್ಷಿ ತೋಟ, ಗಿಡಮರ ಚೆನ್ನಾಗಿ ಬರಲಿ. ಕುರುಬರನ್ನೂ ದನಕರುಗಳನ್ನೂ ಕಾಪಾಡು. ನನಗೂ ನನ್ನ ಮನೆಗೂ ಮನೆಮಂದಿಗೂ ಆರೋಗ್ಯ ಕೊಡು. ಬೇಡಿಕೆ ಇಷ್ಟೂ ಯುದ್ಧದೇವರು ಅಂತ ನಾವು ಬರೆದುಕೊಂಡಿರುವ ಮಾರ್ಸ್‌ಗೆ. ಅವನ ಕೆಲಸ ಗಡಿ ಕಾಯುವುದು. ಹೊರಗಿನಿಂದ ಶತ್ರು ಬಂದರೂ ರೋಗ ಬಂದರೂ ತಡೆಯುವವನು ಅವನೇ.

ಅದೇ ಪೂಜೆಯ ಕೊನೆ ನನಗೆ ಬಹಳ ಇಷ್ಟ. ಪೂಜೆ ಫಲಿಸದಿದ್ದರೆ, ‘ಅಪ್ಪಾ ಮಾರ್ಸ್, ಆ ಬಲಿಯಲ್ಲಿ ನಿನಗೆ ಏನಾದರೂ ಮೆಚ್ಚಿಗೆ ಆಗದಿದ್ದರೆ, ಇಗೋ ಈ ಬಲಿಯಿಂದ ಸರಿಮಾಡಿಕೊಡುತ್ತೇನೆ’ ಅಂತ ಹೇಳಿ ಮತ್ತೆ ಮಾಡಬೇಕು. ರೋಮಿನವರ ಭಕ್ತಿಯಲ್ಲಿ ಹೇಳಬೇಕಾದ ಮಾತಿಗೂ ಮಾಡಬೇಕಾದ ಕ್ರಮಕ್ಕೂ ಎಷ್ಟು ತೂಕ ಇತ್ತು ಅನ್ನುವುದು ಈ ಒಂದು ಸಾಲಿನಿಂದ ಗೊತ್ತಾಗುತ್ತದೆ. ಪೂಜೆಯಲ್ಲಿ ಲೋಪವಾದರೆ ಮತ್ತೆ ಮೊದಲಿನಿಂದ. ಹರಕೆ ಹೊತ್ತರೆ ತೀರಿಸಲೇಬೇಕು. ಸಾಮ್ರಾಜ್ಯದ ಮೂಲೆಮೂಲೆಯ ಕಲ್ಲುಗಳಲ್ಲಿ ‘ಹರಕೆಯನ್ನು ಸಂತೋಷದಿಂದ, ಸಲ್ಲಬೇಕಾದ ಹಾಗೆ ತೀರಿಸಿದೆ’ ಅನ್ನುವ ಅರ್ಥದ ನಾಲ್ಕು ಅಕ್ಷರಗಳ ಸಂಕ್ಷೇಪ ಕೆತ್ತಿರುವುದು ಕಾಣುತ್ತದೆ.

ಇಂಥ ದೇವರುಗಳನ್ನು ಹುಡುಕಬೇಕಾದ ಜಾಗ ಪಂಚಾಂಗ. ರೋಮಿನವರ ಪಂಚಾಂಗಗಳು ಕಲ್ಲಿನಲ್ಲಿ, ಗೋಡೆಯ ಗಾರೆಯ ಮೇಲೆ ಉಳಿದಿವೆ. ಏಪ್ರಿಲ್ 25ಕ್ಕೆ ರೋಬಿಗಸ್ ಹಬ್ಬ. ರೋಬಿಗಸ್ ಅಂದರೆ ಗೋಧಿಗೆ ಬರುವ ತುಕ್ಕು ರೋಗದ ದೇವರು. ಕ್ವಿರಿನಸ್‌ನ ಪೂಜಾರಿ ಊರಾಚೆಯ ತೋಪಿಗೆ ಹೋಗಿ ನಾಯಿಯನ್ನೂ ಕುರಿಯನ್ನೂ ಬಲಿಕೊಟ್ಟು ‘ನಮ್ಮ ಪೈರನ್ನು ಮುಟ್ಟಬೇಡ’ ಅಂತ ಬೇಡುತ್ತಿದ್ದ. ಫೆಬ್ರವರಿ 23ಕ್ಕೆ ಟರ್ಮಿನಸ್ ಹಬ್ಬ. ಅಕ್ಕಪಕ್ಕದ ಜಮೀನಿನವರು ಇಬ್ಬರೂ ಬಂದು ನಡುವಿನ ಗಡಿಕಲ್ಲಿಗೆ ಹೂಮಾಲೆ ಹಾಕುತ್ತಿದ್ದರು. ಕ್ಯಾಪಿಟೋಲಿನ್ ಗುಡ್ಡದಲ್ಲಿ ಜೂಪಿಟರ್‌ನ ದೊಡ್ಡ ದೇವಸ್ಥಾನ ಕಟ್ಟುವಾಗ ಬೇರೆ ದೇವರುಗಳೆಲ್ಲ ಜಾಗ ಬಿಟ್ಟುಕೊಟ್ಟರೂ ಟರ್ಮಿನಸ್ ಕದಲಲಿಲ್ಲವಂತೆ. ಕೊನೆಗೆ ಅವನ ಕಲ್ಲನ್ನು ಒಳಗೇ ಬಿಟ್ಟು, ಅವನಿಗೆ ಆಕಾಶ ಕಾಣಬೇಕು ಅಂತ ಚಾವಣಿಯಲ್ಲಿ ತೂತು ಬಿಟ್ಟರು. ಫ್ಯುರೀನಾ ಅನ್ನುವ ದೇವತೆಗಂತೂ ಸ್ವಂತ ಪೂಜಾರಿಯೂ ಇದ್ದ, ಜುಲೈ 25ಕ್ಕೆ ಹಬ್ಬವೂ ಇತ್ತು. ಆದರೆ ಕ್ರಿ.ಪೂ. 1ನೇ ಶತಮಾನದ ವಿದ್ವಾಂಸ ವಾರೋ, ಈಗ ಅವಳ ಹೆಸರು ಗೊತ್ತಿರುವವರೇ ಕಡಿಮೆ ಅಂತ ಬರೆದಿದ್ದಾನೆ. ಕಥೆ ಇಲ್ಲದ ದೇವರು ಪಂಚಾಂಗದಲ್ಲಿ ಬದುಕಿರುವುದು ಹೀಗೆ.

ವೆಸ್ಟಾ ಬಗ್ಗೆಯೂ ಇದೇ ಮಾತು. ಪಟ್ಟಿಯಲ್ಲಿ ‘ಒಲೆಯ ದೇವತೆ’ ಅಂತ ಒಂದು ಸಾಲು ಬರೆದಿರುತ್ತೀರಿ. ಗ್ರೀಕರ ಹೆಸ್ಟಿಯಾಗೂ ಇವಳಿಗೂ ನಿಜವಾಗಿಯೂ ಹಳೆಯ ಸಂಬಂಧ ಇದೆ. ಆದರೆ ರೋಮಿನಲ್ಲಿ ಅವಳು ರಾಜ್ಯದ ಒಲೆ. ಫೋರಂನಲ್ಲಿ ದುಂಡನೆಯ ಗುಡಿ, ಒಳಗೆ ವಿಗ್ರಹ ಇಲ್ಲ, ಬೆಂಕಿಯೇ ದೇವತೆ. ಆರು ಮಂದಿ ಕನ್ಯೆಯರು ಅದನ್ನು ಕಾಯುತ್ತಿದ್ದರು. ಆರರಿಂದ ಹತ್ತು ವರ್ಷದ ಒಳಗೆ ಆಯ್ಕೆ ಮಾಡಿ ಕರೆತರುತ್ತಿದ್ದರು, ಮೂವತ್ತು ವರ್ಷ ಸೇವೆ. ಬೆಂಕಿ ಆರಿದರೆ ಕಾವಲಿದ್ದವಳಿಗೆ ಚಾಟಿ ಏಟು. ಬ್ರಹ್ಮಚರ್ಯ ಮುರಿದಳೆಂದು ತೀರ್ಮಾನವಾದರೆ ಜೀವಂತ ಹೂಳುತ್ತಿದ್ದರು. ನಿಮ್ಮ ತರಗತಿಯ ಹೆಣ್ಣುಮಕ್ಕಳು ಇದನ್ನು ಕೇಳಿ ಸುಮ್ಮನಿರುವುದಿಲ್ಲ, ಇರಬಾರದು ಕೂಡ. ಈ ಕನ್ಯೆಯರಿಗೆ ಬೇರೆ ಹೆಂಗಸರಿಗಿಲ್ಲದ ಹಕ್ಕುಗಳಿದ್ದವು, ಸ್ವಂತ ಆಸ್ತಿ ನೋಡಿಕೊಳ್ಳಬಹುದಿತ್ತು ಅನ್ನುವುದನ್ನೂ ಹೇಳಿ. ಎರಡನ್ನೂ ಒಟ್ಟಿಗೇ ಹೇಳಿ, ಒಂದನ್ನು ಮುಚ್ಚಿಡಬೇಡಿ.

ಉಳಿದವರ ಬಗ್ಗೆ ಬೇಗ ಬೇಗ ಹೇಳುತ್ತೇನೆ. ಸೆರೀಸ್ ಧಾನ್ಯದೇವತೆ ಹೌದು, ಜೊತೆಗೆ ಸಾಮಾನ್ಯ ಜನರ ಪಕ್ಷದವಳು. ಅವೆಂಟೈನ್ ಗುಡ್ಡದಲ್ಲಿದ್ದ ಅವಳ ದೇವಸ್ಥಾನ, ಸಂಪ್ರದಾಯದ ಪ್ರಕಾರ ಕ್ರಿ.ಪೂ. 493ರದ್ದು, ಪ್ಲೀಬಿಯನ್ನರು ಅನ್ನುವ ಈ ಸಾಮಾನ್ಯ ಜನರ ಕೇಂದ್ರವಾಗಿತ್ತು. ಸ್ಯಾಟರ್ನ್‌ನ ದೇವಸ್ಥಾನದಲ್ಲಿ ರಾಜ್ಯದ ಖಜಾನೆ ಇತ್ತು; ಅದರ ಎಂಟು ಕಂಬ ಈಗಲೂ ಫೋರಂನಲ್ಲಿ ನಿಂತಿವೆ. ವೀನಸ್ ದೊಡ್ಡವಳಾಗಿದ್ದರಲ್ಲಿ ರಾಜಕೀಯದ ಪಾಲು ಬಹಳ. ತನ್ನ ವಂಶದ ಮೂಲ ಅವಳೇ ಅಂತ ಜೂಲಿಯಸ್ ಸೀಸರ್ ಹೇಳಿಕೊಂಡ, ಕ್ರಿ.ಪೂ. 46ರಲ್ಲಿ ಅವಳಿಗೆ ಗುಡಿ ಕಟ್ಟಿಸಿದ. ಮಿನರ್ವಾ ನಮ್ಮ ಕಸುಬಿನವಳು ಮೇಡಂ. ಮಾರ್ಚ್ 19ಕ್ಕೆ ಅವಳ ಹಬ್ಬ ಶುರುವಾದರೆ ಶಾಲೆಗೆ ರಜೆ, ಮೇಷ್ಟ್ರಿಗೆ ಶುಲ್ಕ ಸಲ್ಲುವ ಹೊತ್ತೂ ಅದೇ. ನೇಕಾರರು, ಬಣ್ಣ ಹಾಕುವವರು, ಚಮ್ಮಾರರು, ವೈದ್ಯರು ಎಲ್ಲರೂ ಅವಳನ್ನು ನೆನೆಯುತ್ತಿದ್ದರು. ಅಪೋಲೋ ಮಾತ್ರ ಹೆಸರು ಕೂಡ ಬದಲಾಗದೆ ಗ್ರೀಸಿನಿಂದ ಬಂದವನು. ಅವನ ಮಟ್ಟಿಗೆ ನಿಮ್ಮ ಸಹೋದ್ಯೋಗಿಯ ಮಾತು ಹೆಚ್ಚುಕಡಿಮೆ ಸರಿ.

ಹೊರಗಿನ ದೇವರನ್ನು ತರುವುದನ್ನು ರೋಮಿನವರು ಮುಚ್ಚಿಡುತ್ತಿರಲಿಲ್ಲ, ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕ್ರಿ.ಪೂ. 396ರಲ್ಲಿ ವೇಯಿ ಪಟ್ಟಣ ಗೆದ್ದಾಗ ಅಲ್ಲಿನ ಜುನೋ ವಿಗ್ರಹವನ್ನು ‘ರೋಮಿಗೆ ಬರುತ್ತೀಯಾ?’ ಅಂತ ಕೇಳಿದರಂತೆ, ವಿಗ್ರಹ ತಲೆಯಾಡಿಸಿತಂತೆ. ಇತಿಹಾಸಕಾರ ಲಿವಿ ಹೇಳುವ ಕಥೆ ಇದು. ಕ್ರಿ.ಪೂ. 204ರಲ್ಲಿ ಏಷ್ಯಾ ಮೈನರ್‌ನಿಂದ (ಈಗಿನ ಟರ್ಕಿ) ಮಹಾಮಾತೆ ಅನ್ನುವ ದೇವತೆಯನ್ನು ಒಂದು ಕಪ್ಪು ಕಲ್ಲಿನ ರೂಪದಲ್ಲಿ ಹಡಗಿನಲ್ಲಿ ತಂದರು. ಹಾಗಂತ ಬಾಗಿಲು ಸದಾ ತೆರೆದಿರಲಿಲ್ಲ. ಕ್ರಿ.ಪೂ. 186ರಲ್ಲಿ ದ್ರಾಕ್ಷಾರಸದ ದೇವರು ಬಾಕಸ್‌ನ ಗುಟ್ಟಿನ ಕೂಟಗಳನ್ನು ಸೆನೆಟ್ ಕಠಿಣವಾಗಿ ಹತ್ತಿಕ್ಕಿತು. ಆ ಆಜ್ಞೆಯ ಕಂಚಿನ ಫಲಕ ಈಗ ವಿಯೆನ್ನಾದಲ್ಲಿದೆ. ದೇವರನ್ನು ಕರೆತರುವ ಅಧಿಕಾರ ರಾಜ್ಯದ್ದು. ಜನ ತಾವಾಗಿ ಗುಂಪು ಕಟ್ಟಿದರೆ ಅನುಮಾನ.

ಈಗ ವಾಟ್ಸಾಪ್ ಮೆಸೇಜಿಗೆ ಬರೋಣ. ಜೇನಸ್ ಮತ್ತು ಗಣೇಶನನ್ನು ಜೋಡಿಸುವುದು ಹೊಸದಲ್ಲ. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1784ರಲ್ಲೇ ಗ್ರೀಸ್, ಇಟಲಿ, ಭಾರತದ ದೇವತೆಗಳನ್ನು ಹೋಲಿಸಿ ಬರೆದಾಗ ಈ ಮಾತು ಹೇಳಿದ್ದರು. ಅವರಿಗೆ ಕಂಡ ಹೋಲಿಕೆ ನಿಜವಾದದ್ದೇ. ಇಬ್ಬರಿಗೂ ಮೊದಲ ಪೂಜೆ, ಇಬ್ಬರಿಗೂ ಬಾಗಿಲ ಜೊತೆ ನಂಟು. ಆದರೆ ಹೋಲಿಕೆ ಬೇರೆ, ಸಂಬಂಧ ಬೇರೆ. ಜೇನಸ್ ಪೂಜೆ ರೋಮಿನ ತೀರಾ ಹಳೆಯ ಪದರಕ್ಕೆ ಸೇರಿದ್ದು. ಆನೆಮುಖದ ಗಣೇಶ ನಮ್ಮಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಶತಮಾನಗಳ ಆಮೇಲೆ. ಒಬ್ಬರಿಂದ ಒಬ್ಬರು ಬಂದರು ಅನ್ನಲು ಯಾವ ಆಧಾರವೂ ಇಲ್ಲ. ಜೇನಸ್‌ಗೆ ತನ್ನದೇ ಆದ ವಿಶೇಷ ಇತ್ತು. ಅವನ ಗುಡಿಯ ಬಾಗಿಲು ಯುದ್ಧಕಾಲದಲ್ಲಿ ತೆರೆದಿರುತ್ತಿತ್ತು, ಶಾಂತಿಯಲ್ಲಿ ಮುಚ್ಚುತ್ತಿತ್ತು. ತಾನು ಹುಟ್ಟುವ ಮುಂಚೆ ರೋಮಿನ ಇಡೀ ಇತಿಹಾಸದಲ್ಲಿ ಎರಡೇ ಸಲ ಮುಚ್ಚಿತ್ತು, ತನ್ನ ಕಾಲದಲ್ಲಿ ಮೂರು ಸಲ ಮುಚ್ಚಲು ಸೆನೆಟ್ ತೀರ್ಮಾನಿಸಿತು ಅಂತ ಅಗಸ್ಟಸ್ ಚಕ್ರವರ್ತಿ ತನ್ನ ಸಾಧನೆಗಳ ಶಾಸನದಲ್ಲಿ ಬರೆಸಿದ್ದಾನೆ.

ಜೂಪಿಟರ್ ಮತ್ತು ಗುರು ವಿಷಯದಲ್ಲಿ ಎರಡು ಬೇರೆ ಸಂಗತಿ ಕಲಸಿಹೋಗಿವೆ. ಆಕಾಶದಲ್ಲಿರುವ ಗ್ರಹ ಒಂದೇ, ಅದಕ್ಕೆ ರೋಮಿನವರು ಜೂಪಿಟರ್ ಹೆಸರಿಟ್ಟರು, ನಾವು ಬೃಹಸ್ಪತಿಯ ಹೆಸರಿಟ್ಟೆವು. ಏಳು ವಾರಗಳ ಕ್ರಮ ಎರಡೂ ಕಡೆ ಒಂದೇ ಆಗಿರುವುದಕ್ಕೆ ಕಾರಣ, ಗ್ರೀಕ್–ರೋಮನ್ ಜಗತ್ತಿನ ಜ್ಯೋತಿಷ ಕ್ರಿ.ಶ. ಮೊದಲ ಶತಮಾನಗಳಲ್ಲಿ ಭಾರತಕ್ಕೆ ಬಂದದ್ದು. ನಮ್ಮಲ್ಲಿ ವಾರದ ಹೆಸರು ಬರೆದಿರುವ ತೀರಾ ಹಳೆಯ ಶಾಸನಗಳಲ್ಲಿ ಮಧ್ಯಪ್ರದೇಶದ ಏರಣ್‌ನದು ಮುಖ್ಯ. ಕ್ರಿ.ಶ. 484ರ ಆ ಶಾಸನದಲ್ಲಿರುವುದು ಗುರುವಾರ. ಗ್ರಹ ಒಂದೇ ಆದ ಮಾತ್ರಕ್ಕೆ ದೇವರುಗಳ ರಾಜನೂ ದೇವರುಗಳ ಗುರುವೂ ಒಬ್ಬನೇ ಆಗುವುದಿಲ್ಲ. ನಿಜವಾದ ನಂಟು ಇರುವುದು ಜೂಪಿಟರ್‌ಗೂ ಋಗ್ವೇದದ ದ್ಯೌಸ್ ಪಿತೃವಿಗೂ. ಜೀಯಸ್ ಕೂಡ ಇದೇ ಬೇರಿನವನು. ಭಾಷಾವಿಜ್ಞಾನಿಗಳಲ್ಲಿ ಇದರ ಬಗ್ಗೆ ಜಗಳ ಇಲ್ಲ. ಆದರೆ ವೇದದಲ್ಲಿ ದ್ಯೌಸ್ ಮಸುಕಾದ ದೇವರು, ರೋಮಿನಲ್ಲಿ ಜೂಪಿಟರ್ ಇಡೀ ರಾಜ್ಯದ ಯಜಮಾನ. ಹೆಸರು ಒಂದೇ ಮನೆಯಿಂದ ಹೊರಟಿತು, ಬಾಳು ಬೇರೆ ಬೇರೆ ಆಯಿತು.

ಸರಿ, ಗೋಡೆಗೆ ಏನು ಹಾಕುವುದು? ನನಗೆ ಮೂರು ದಾರಿ ಕಾಣುತ್ತವೆ.

ಒಂದು, ಈಗಿನ ಪಟ್ಟಿಯನ್ನೇ ಇಟ್ಟು ತಿದ್ದುವುದು. ಕೆಲಸ ಕಡಿಮೆ, ಸಮಯ ಇಲ್ಲದಿದ್ದರೆ ಇದೇ ಸಾಕು. ಗ್ರೀಕ್ ಹೆಸರನ್ನು ಮೊದಲ ಕಂಬದಿಂದ ತೆಗೆದು ಕೊನೆಗೆ ಹಾಕಿ, ‘ಗ್ರೀಕರು ಯಾರ ಜೊತೆ ಗುರುತಿಸಿದರು’ ಅಂತ ಶೀರ್ಷಿಕೆ ಕೊಡಿ. ಹಬ್ಬದ ದಿನ, ಪೂಜೆಯ ಸ್ಥಳ ಅಂತ ಎರಡು ಕಂಬ ಸೇರಿಸಿ. ಕೆಳಗೆ ಜೇನಸ್, ಕ್ವಿರಿನಸ್, ಟರ್ಮಿನಸ್, ಲಾರೆಸ್ ಸಾಲುಗಳನ್ನು ಬರೆದು ಗ್ರೀಕ್ ಕಂಬವನ್ನು ಖಾಲಿ ಬಿಡಿ. ಇದರ ತೊಂದರೆ ಏನೆಂದರೆ, ನೋಡುವವರ ಕಣ್ಣು ಮತ್ತೆ ಜೋಡಿಗಳ ಮೇಲೇ ಹೋಗುತ್ತದೆ. ‘ಕಾಪಿ’ ಅನ್ನುವ ಮಾತು ಪೂರ್ತಿ ಹೋಗುವುದಿಲ್ಲ.

ಇನ್ನೊಂದು, ಪಂಚಾಂಗದ ಪ್ರಕಾರ ಮಾಡುವುದು. ಹನ್ನೆರಡು ತಿಂಗಳು, ತಿಂಗಳಿಗೆ ಒಂದು ಹಬ್ಬ. ವಿಷಯಕ್ಕೆ ಇದು ತುಂಬ ಹತ್ತಿರ. ಆದರೆ ಸುಲಭವಲ್ಲ. ಕೆಲವು ಹಬ್ಬಗಳಿಗೆ ಓವಿಡ್ ಕವಿಯ ವಿವರಣೆ ಮಾತ್ರ ಸಿಗುತ್ತದೆ, ಅವನು ಅಗಸ್ಟಸ್ ಕಾಲದವನು, ಒಂದೇ ಹಬ್ಬಕ್ಕೆ ಮೂರ್ನಾಲ್ಕು ಕಾರಣ ಹೇಳಿ ಬಿಟ್ಟುಬಿಡುತ್ತಾನೆ. ಡಿಸೆಂಬರ್ 17ರ ಸ್ಯಾಟರ್ನಾಲಿಯಾ ಬಂದ ಕೂಡಲೇ ‘ಇದೇ ಕ್ರಿಸ್‌ಮಸ್’ ಅನ್ನುವ ವಾದ ಶುರುವಾಗುತ್ತದೆ. ಉಡುಗೊರೆ, ಮೋಜು, ಆಳುಗಳಿಗೆ ಸ್ವಲ್ಪ ಸ್ವಾತಂತ್ರ್ಯ ಅನ್ನುವಷ್ಟಕ್ಕೆ ನಿಲ್ಲಿಸಿ.

ನನ್ನನ್ನು ಕೇಳಿದರೆ ಮೂರನೆಯದನ್ನು ಆರಿಸಿ: ಮನೆಯಿಂದ ಶುರು ಮಾಡಿ ಹೊರಗೆ ಹೋಗುವುದು. ಪಾಂಪೆಯಲ್ಲಿ ವೆಟ್ಟಿಗಳ ಮನೆ ಅಂತ ಕರೆಯುವ ಮನೆ ಇದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಬೂದಿಯಲ್ಲಿ ಹೂತುಹೋದದ್ದು. ಅಡುಗೆಮನೆಯ ಪಕ್ಕದ ಅಂಗಳದ ಗೋಡೆಯಲ್ಲಿ ಪುಟ್ಟ ಗುಡಿಯ ಆಕಾರದ ದೇವರಗೂಡು. ನಡುವೆ ಮನೆಯ ಯಜಮಾನನ ಚೈತನ್ಯವಾದ ಜೀನಿಯಸ್, ತಲೆಯ ಮೇಲೆ ಸೆರಗು ಹೊದ್ದು ಅರ್ಪಣೆ ಮಾಡುತ್ತಿದ್ದಾನೆ. ಎಡಬಲದಲ್ಲಿ ಇಬ್ಬರು ಲಾರೆಸ್, ಕುಣಿಯುವ ಭಂಗಿ, ಕೈಯಲ್ಲಿ ಕೊಂಬಿನ ಪಾತ್ರೆ. ಕೆಳಗೆ ಸುರುಳಿ ಸುತ್ತಿ ಸಾಗುತ್ತಿರುವ ದೊಡ್ಡ ಹಾವು. ಮಕ್ಕಳು ಇದನ್ನು ರಟ್ಟಿನಲ್ಲಿ ಮಾಡಬಹುದು. ಇದರಿಂದ ಶುರು ಮಾಡಿ ಬಾಗಿಲಿಗೆ ಜೇನಸ್, ಕೂಡುದಾರಿಗೆ ಅಲ್ಲಿನ ಲಾರೆಸ್, ಗಡಿಗೆ ಟರ್ಮಿನಸ್, ಹೊಲಕ್ಕೆ ಮಾರ್ಸ್, ಸೆರೀಸ್, ರೋಬಿಗಸ್, ಫೋರಂಗೆ ವೆಸ್ಟಾ, ಸ್ಯಾಟರ್ನ್, ಗುಡ್ಡದ ಮೇಲೆ ಜೂಪಿಟರ್, ಜುನೋ, ಮಿನರ್ವಾ. ಕೂಡುದಾರಿಯ ಹಬ್ಬದಲ್ಲಿ ಮನೆಯ ಸ್ವತಂತ್ರ ವ್ಯಕ್ತಿಗೆ ಒಂದೊಂದು ಉಣ್ಣೆಯ ಗೊಂಬೆ, ಗುಲಾಮರಿಗೆ ಒಂದೊಂದು ಉಣ್ಣೆಯ ಉಂಡೆ ನೇತುಹಾಕುತ್ತಿದ್ದರು. ಗುಲಾಮನಿಗೆ ಗೊಂಬೆಯ ಆಕಾರ ಕೂಡ ಇಲ್ಲ. ಇದನ್ನು ಎದುರಿಗೆ ತೂಗುಹಾಕಿ, ರೋಮಿನ ಸಮಾಜದ ಪಾಠ ತಾನಾಗಿ ಆಗುತ್ತದೆ. ಈ ದಾರಿಯ ಅಪಾಯ ಒಂದೇ: ತೀರಾ ಅಚ್ಚುಕಟ್ಟಾಗಿ ಕಾಣುತ್ತದೆ. ರೋಮಿನವರು ಹೀಗೆ ನಕ್ಷೆ ಬರೆದು ದೇವರನ್ನು ಹಂಚಿರಲಿಲ್ಲ, ಇದು ನಾವು ತಿಳಿಯಲು ಮಾಡಿಕೊಂಡ ಜೋಡಣೆ ಅಂತ ಒಂದು ಚೀಟಿ ಅಂಟಿಸಿ.

ಬಾಗಿಲಿಗೆ ಒಂದು ಕದದ ದೇವರು, ಹೊಸ್ತಿಲಿಗೆ ಒಬ್ಬ, ತಿರುಗಣಿಗೆ ಒಬ್ಬಳು ಅಂತ ಮೂವರ ಹೆಸರು ನಿಮಗೆ ಸಿಗಬಹುದು. ಬಳಸಿ, ಆದರೆ ಎಚ್ಚರ. ಅವುಗಳ ಬಗ್ಗೆ ನಮಗೆ ಹೆಚ್ಚಾಗಿ ಗೊತ್ತಿರುವುದು ಸಂತ ಅಗಸ್ಟೀನ್ ಅಂಥ ಕ್ರೈಸ್ತ ಲೇಖಕರಿಂದ. ಒಂದು ಬಾಗಿಲು ಕಾಯಲು ಒಬ್ಬ ಮನುಷ್ಯ ಸಾಕು, ಇವರಿಗೆ ಮೂರು ದೇವರು ಬೇಕಾಯಿತು ಅಂತ ಹೀಯಾಳಿಸಲು ಅವರು ಬರೆದದ್ದು. ವಿರೋಧಿ ಹೇಳಿದ್ದು ಸುಳ್ಳೇ ಆಗಬೇಕಿಲ್ಲ, ಆದರೆ ಯಾರು ಹೇಳಿದರು ಅಂತ ಮಕ್ಕಳಿಗೆ ತಿಳಿಸಬೇಕು.

ಭಾರತದ ನಂಟು ಬೇಕೇ ಬೇಕು ಅಂತ ಸಹೋದ್ಯೋಗಿಗಳು ಒತ್ತಾಯಿಸಿದರೆ ಗಣೇಶನ ಬದಲು ನಾಣ್ಯ ತೋರಿಸಿ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಟೈಬೀರಿಯಸ್ ಚಕ್ರವರ್ತಿಯ ನಾಣ್ಯ ಬಂದಿದೆ. ಭಾರತದಲ್ಲಿ ಸಿಗುವ ಅಗಸ್ಟಸ್‌ನ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಒಂದೇ ಬಗೆಯವು. ಹಿಂಬದಿಯಲ್ಲಿ ಅವನ ಇಬ್ಬರು ದತ್ತುಮಕ್ಕಳು ಗಾಯಸ್, ಲೂಸಿಯಸ್ ನಿಂತಿದ್ದಾರೆ, ನಡುವೆ ಗುರಾಣಿ, ಭರ್ಜಿ. ಅವುಗಳ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಎರಡು ಸಣ್ಣ ವಸ್ತು ಕಾಣುತ್ತವೆ: ದ್ರಾಕ್ಷಾರಸ ಅರ್ಪಿಸುವ ಸೌಟು, ಮತ್ತು ಶಕುನ ನೋಡುವವರು ಹಿಡಿಯುವ ತುದಿ ಬಾಗಿದ ಕೋಲು. ರೋಮಿನ ಪೂಜಾ ಸಾಮಗ್ರಿಯ ಚಿತ್ರ ಕಾಳುಮೆಣಸಿನ ವ್ಯಾಪಾರದ ಕಾಲದಲ್ಲಿ ದಕ್ಷಿಣ ಭಾರತದ ಸಂತೆಗಳಿಗೆ ಬಂದಿತ್ತು. ಈ ನಂಟನ್ನು ಕೈಯಲ್ಲಿ ಹಿಡಿದು ತೋರಿಸಬಹುದು.

ಕೊನೆಯದಾಗಿ, ಪೂಜೆಗಳು ಯಾವಾಗ ನಿಂತವು? ಒಂದು ದಿನ ನಿಂತದ್ದಲ್ಲ. ಕ್ರಿ.ಶ. 4ನೇ ಶತಮಾನದಲ್ಲಿ ಚಕ್ರವರ್ತಿಗಳು ಕ್ರೈಸ್ತರಾದ ಮೇಲೆ ದೇವಸ್ಥಾನಗಳಿಗೆ ರಾಜ್ಯದ ಹಣ ಕಡಿತವಾಯಿತು, ಬಲಿ ನಿಷೇಧವಾಯಿತು. ಥಿಯೋಡೋಸಿಯಸ್ ಚಕ್ರವರ್ತಿ 392ರ ನವೆಂಬರ್ 8ರಂದು ಹೊರಡಿಸಿದ ಕಾನೂನು ತೀರಾ ಕಟ್ಟುನಿಟ್ಟು. ಅದು ದೊಡ್ಡ ದೇವಸ್ಥಾನಗಳಿಗೆ ನಿಲ್ಲದೆ ಮನೆಯೊಳಗೂ ಬರುತ್ತದೆ. ಲಾರ್‌ಗೆ (ಲಾರೆಸ್‌ನಲ್ಲಿ ಒಬ್ಬನಿಗೆ) ಬೆಂಕಿ ಹಚ್ಚಬಾರದು, ಜೀನಿಯಸ್‌ಗೆ ದ್ರಾಕ್ಷಾರಸ ಎರೆಯಬಾರದು, ಪೆನಾಟೀಸ್‌ಗೆ ಧೂಪ ಹಾಕಬಾರದು, ದೀಪ ಬೆಳಗಬಾರದು, ಹೂಮಾಲೆ ತೂಗಬಾರದು ಅಂತ ಒಂದೊಂದನ್ನೂ ಹೆಸರಿಸಿ ಹೇಳುತ್ತದೆ. ಹೀಗೆ ಹೆಸರಿಸಿ ನಿಷೇಧಿಸಬೇಕಾಯಿತು ಅಂದರೆ ಜನ ಆಗಲೂ ಮಾಡುತ್ತಿದ್ದರು ಅಂತಲೇ ಅರ್ಥ. ಈ ಕಾನೂನಿನ ಸಾಲುಗಳನ್ನು ನಿಮ್ಮ ರಟ್ಟಿನ ದೇವರಗೂಡಿನ ಪಕ್ಕದಲ್ಲೇ ಹಾಕಿಸಿ. ನಿಷೇಧದ ಸಾಲು ಓದುವಾಗ ಯಾವ ವಸ್ತು ಯಾವ ದೇವರಿಗೆ ಸಲ್ಲುತ್ತಿತ್ತು ಅನ್ನುವುದನ್ನು ಮಕ್ಕಳು ತಾವೇ ಗೂಡಿನಲ್ಲಿ ಹುಡುಕಿ ತೋರಿಸಲಿ.